ಹೊಟ್ಟೆ ಕೆಟ್ಟಾಗ ಮೊದಲು ಗಂಜಿ ತಿಳಿ, ಆಮೇಲೆ ಕಷಾಯ

ಹೊಟ್ಟೆ ಸರಿಯಿಲ್ಲವೆಂದು ಯಾರಾದರೂ ಬಂದರೆ ಒಲೆ ಹಚ್ಚುವುದಕ್ಕೆ ಮುಂಚೆ ನಾನು ಕೂರಿಸಿ ನಾಲ್ಕು ಮಾತು ಕೇಳುತ್ತೇನೆ. ಉಬ್ಬರವೋ, ನುಲಿತವೋ, ಹುಳಿತೇಗೋ, ವಾಂತಿಯೋ, ಭೇದಿಯೋ? ಎಷ್ಟು ಹೊತ್ತಿನಿಂದ? ನಿನ್ನೆ ಏನು ತಿಂದಿರಿ, ಎಲ್ಲಿಯ ನೀರು ಕುಡಿದಿರಿ? ಮೂತ್ರ ಹೋಗಿದೆಯೇ? ಎಲ್ಲ ತೊಂದರೆಗೂ ಒಂದೇ ಕಷಾಯ ಕಾಯಿಸಿ ಕೊಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಉಬ್ಬರಕ್ಕೆ ಹಿತವಾಗುವ ಕರಿಮೆಣಸು ಎದೆಯುರಿ ಇರುವವರಿಗೆ ಉರಿಯನ್ನೇ ಹೆಚ್ಚಿಸುತ್ತದೆ. ಭೇದಿಗೆ ಒಗ್ಗುವ ದಾಳಿಂಬೆ ಸಿಪ್ಪೆಯನ್ನು ಮಲಬದ್ಧತೆ ಇರುವವರಿಗೆ ಕೊಟ್ಟರೆ ಅವರು ಮತ್ತಷ್ಟು ಒದ್ದಾಡಬೇಕಾಗುತ್ತದೆ.

ನಮ್ಮದು ಮೂಡಿಗೆರೆ ಕಡೆಯ ಒಂದು ಸಣ್ಣ ಕಾಫಿ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಕರೆಂಟ್ ಇರುವುದಿಲ್ಲ, ಮರ ಬಿದ್ದರೆ ರಸ್ತೆಯೂ ಇರುವುದಿಲ್ಲ. ತೊರೆಯ ನೀರು ಕೆಂಪಾಗಿ ಹರಿಯುವ ಈ ತಿಂಗಳುಗಳಲ್ಲಿಯೇ ಹೊಟ್ಟೆ ಕೆಡುವುದೂ ಹೆಚ್ಚು. ಹೀಗಾಗಿ ಮನೆಯ ಮದ್ದು ಇಲ್ಲಿ ಪ್ರತಿ ಮನೆಯವರಿಗೂ ಗೊತ್ತಿರಲೇಬೇಕಾದ ಕೆಲಸ. ಅರ್ಧವನ್ನು ನನ್ನ ಅತ್ತೆ ಕಲಿಸಿದರು, ಉಳಿದರ್ಧವನ್ನು ಊರಿನ ಆಶಾ ಕಾರ್ಯಕರ್ತೆ ಕಲಿಸಿದರು. ಇಬ್ಬರು ಹೇಳಿದ್ದನ್ನೂ ಕೂಡಿಸಿ ನಡೆಸಿಕೊಂಡು ಬಂದಿದ್ದೇನೆ.

ಉಬ್ಬರದಿಂದ ಶುರುಮಾಡುತ್ತೇನೆ. ಮಲೆನಾಡಿನಲ್ಲಿ ಅದು ಹಲಸಿನ ಕಾಲದ ಕಾಯಿಲೆ. ಊಟವಾದ ಮೇಲೆ ಹತ್ತು ಹದಿನೈದು ತೊಳೆ ತಿಂದು, ಮೇಲೆ ನೀರು ಕುಡಿದು, ಸಂಜೆಗೆ ಹೊಟ್ಟೆ ಹಿಡಿದುಕೊಂಡು ಬರುತ್ತಾರೆ. ಇದಕ್ಕೆ ಓಮಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅರ್ಧ ಚಮಚ ಓಮವನ್ನು ಬರಿಯ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಬೆಚ್ಚಗೆ ಮಾಡಿ, ಎರಡು ಲೋಟ ನೀರು ಹಾಕಿ ಒಂದು ಲೋಟಕ್ಕೆ ಇಳಿಸಿ, ಚಿಟಿಕೆ ಉಪ್ಪು ಬೆರೆಸಿ ಬಿಸಿಯಾಗಿಯೇ ಗುಟುಕರಿಸಬೇಕು. ಓಮಕ್ಕೆ ಆ ಖಾರದ ಘಾಟು ಬರುವುದು ಥೈಮಾಲ್ ಎಂಬ ಅಂಶದಿಂದ. ಹಿತ್ತಲಿನ ದೊಡ್ಡಪತ್ರೆಯ ಎಲೆಯೂ ಅದೇ ವಾಸನೆ ಹೊಡೆಯುತ್ತದೆ. ಓಮ ಮುಗಿದಿದ್ದರೆ ಅದರ ಎರಡು ಎಲೆ ಬಾಡಿಸಿ, ಜೀರಿಗೆಯೊಂದಿಗೆ ಅರೆದು ಮಜ್ಜಿಗೆಗೆ ಕಲಸಿ ಕೊಡುತ್ತೇನೆ. ಮಜ್ಜಿಗೆಗೆ ಇಂಗಿನ ಒಗ್ಗರಣೆ ಕೊಟ್ಟರೂ ಸರಿ. ಮಲಗಿಕೊಳ್ಳಲು ಬಿಡುವುದಿಲ್ಲ. ಅಂಗಳದಲ್ಲಿ ನಿಧಾನವಾಗಿ ನಡೆಯಲು ಹೇಳುತ್ತೇನೆ, ಅರ್ಧ ಗುಣ ಅದರಿಂದಲೇ ಬರುತ್ತದೆ.

ಹೊಟ್ಟೆ ತೊಳಸಿ ವಾಕರಿಕೆ ಬರುತ್ತಿದ್ದರೆ ಶುಂಠಿ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆ ಗದ್ದೆಗದ್ದೆಯಲ್ಲೂ ಬೆಳೆಯುವ ಬೆಳೆ ಇದು, ನಮ್ಮ ಸಂತೆಯಲ್ಲೂ ಹಸಿಯಾಗಿ ಸಿಗುತ್ತದೆ. ಹೆಬ್ಬೆರಳಿನ ತುದಿಯಷ್ಟನ್ನು ಜಜ್ಜಿ ನೀರಿನಲ್ಲಿ ಕುದಿಸಿ, ಸೋಸಿ, ಸ್ವಲ್ಪ ಬೆಲ್ಲ ಹಾಕಿ ಚಮಚ ಚಮಚವಾಗಿ ಕುಡಿಸುವುದು. ಲೋಟ ತುಂಬ ಒಂದೇ ಸಲ ಕುಡಿಸಿದರೆ ಅದೂ ವಾಂತಿಯಾಗಿ ಹೊರಗೆ ಬರುತ್ತದೆ.

ಎದೆಯುರಿ, ಹುಳಿತೇಗು ಬೇರೆಯೇ ದಾರಿಯವು. ಕಾಫಿ ಬೆಳೆಯುವ ನಾವು ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ ಬರಿಹೊಟ್ಟೆಗೆ ದೊಡ್ಡ ಲೋಟದ ತುಂಬ ಕಾಫಿ ಸುರಿದುಕೊಳ್ಳುತ್ತೇವೆ. ಕಾಫಿ ಹೊಟ್ಟೆಯ ಆಮ್ಲವನ್ನು ಹೆಚ್ಚಿಸುತ್ತದೆ, ಕರುಳನ್ನೂ ಎಬ್ಬಿಸುತ್ತದೆ. ಹುಳಿತೇಗಿನವರಿಗೆ ನಾನು ಒಂದಷ್ಟು ದಿನ ಕಾಫಿ ತಪ್ಪಿಸಿ ಕೊತ್ತಂಬರಿ ಕಷಾಯ ಹಿಡಿಸುತ್ತೇನೆ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಒಂದು ಪಾಲು, ಹದವಾಗಿ ಹುರಿದು ಪುಡಿಮಾಡಿದ್ದು. ಮೆಣಸು, ಶುಂಠಿ ಹಾಕುವುದಿಲ್ಲ. ರಾತ್ರಿ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಸಿ, ತಲೆಯ ಕಡೆ ಎತ್ತರ ಮಾಡಿಕೊಂಡು ಮಲಗಿದರೆ ಕಷಾಯಕ್ಕಿಂತ ಹೆಚ್ಚು ಗುಣ ಕಾಣುತ್ತದೆ. ತಣ್ಣನೆಯ ಹಾಲು ಆ ಕ್ಷಣಕ್ಕೆ ತಂಪೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಆಮ್ಲ ಮತ್ತೆ ಏರುತ್ತದೆ. ಅದನ್ನು ಮದ್ದೆಂದು ನಾನು ಎಣಿಸುವುದಿಲ್ಲ.

ಇದರ ಜೊತೆಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ನಡುವಯಸ್ಸು ದಾಟಿದವರು ಎದೆ ಬಿಗಿಯುತ್ತಿದೆ, ಬೆವರು ಬರುತ್ತಿದೆ, ನೋವು ಎಡತೋಳಿಗೋ ದವಡೆಗೋ ಹೋಗುತ್ತಿದೆ ಎಂದರೆ ಅದನ್ನು ಗ್ಯಾಸ್ ಎಂದು ಕರೆದು ಓಮದ ನೀರು ಕಾಯಿಸುತ್ತ ಕೂರಬೇಡಿ. ಹೃದಯಾಘಾತ ಎಷ್ಟೋ ಸಲ ಗ್ಯಾಸಿನ ವೇಷದಲ್ಲಿಯೇ ಬರುತ್ತದೆ. ಗಾಡಿ ಹೊರಡಿಸಿ.

ಇನ್ನು ಭೇದಿ. ನನ್ನ ಅನುಭವದಲ್ಲಿ ಜನ ಹೆಚ್ಚು ತಪ್ಪುವುದು ಇಲ್ಲಿಯೇ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಹೊರಗೆ ನೀರಾಗಿ ಹೋಗುತ್ತಿರುವಾಗ ಒಳಗೆ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ ಎಂಬ ನಂಬಿಕೆ ಹಳಬರಲ್ಲಿ ಬಲವಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಒಂದು ಆಗಸ್ಟಿನಲ್ಲಿ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಒಬ್ಬ ಹುಡುಗಿ ತನ್ನ ಎರಡು ವರ್ಷದ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಳು. ಬೆಳಿಗ್ಗೆಯಿಂದ ನೀರಿನಂತೆ ಭೇದಿ, ಮಧ್ಯೆ ಮಧ್ಯೆ ವಾಂತಿ. ತುಟಿ ಒಣಗಿತ್ತು. "ಅಮ್ಮಾ, ನೀರು ಕೊಟ್ಟರೆ ಜಾಸ್ತಿಯಾಗುತ್ತದೆ ಎಂದು ಕೊಟ್ಟಿಲ್ಲ" ಎಂದಳು. "ಹೋದದ್ದನ್ನು ತುಂಬಿಸದಿದ್ದರೆ ಮಗು ಬತ್ತಿಹೋಗುತ್ತದೆ ಕಣಮ್ಮ, ಇಲ್ಲಿ ಕೂತುಕೋ" ಎಂದು ಕೂರಿಸಿ, ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಕಲಸಿ, ಅವಳ ಕೈಗೇ ಚಮಚ ಕೊಟ್ಟೆ. ಒಂದು ಚಮಚ ಕುಡಿಸು, ಒಂದೆರಡು ನಿಮಿಷ ಬಿಡು, ಮತ್ತೊಂದು ಚಮಚ ಕುಡಿಸು. ನಡುವೆ ವಾಂತಿಯಾಯಿತು. ಹತ್ತು ನಿಮಿಷ ಸುಮ್ಮನಿದ್ದು ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿಸಿದೆ. ಅವಳು ತೊಡೆಯ ಮೇಲಿನ ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಬಟ್ಟೆ ಒದ್ದೆಯಾಯಿತು, ಮಗು ಮೂತ್ರ ಮಾಡಿತ್ತು. ಆ ಗುರುತಿಗಾಗಿಯೇ ನಾನು ಕಾಯುತ್ತಿದ್ದೆ.

ಉಪ್ಪು, ಸಕ್ಕರೆ, ನೀರು ಮೂರನ್ನೂ ಸೇರಿಸಿ ಏಕೆ ಕೊಡಬೇಕು ಎಂಬುದನ್ನು ತಿಳಿದರೆ ಯಾರೂ ಅಳತೆ ತಪ್ಪುವುದಿಲ್ಲ. ಭೇದಿಯಾಗುತ್ತಿರುವ ಕರುಳು ಬರಿಯ ನೀರನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಂ ಅನ್ನು ಜೊತೆಗೆ ಕರೆದೊಯ್ಯುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಶಿಬಿರವೊಂದರಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಸಾಲದೇ ಹೋದಾಗ, ಡಾ. ದಿಲೀಪ್ ಮಹಲನೋಬಿಸ್ ಇಂಥದೇ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂದಾಗ ನಾನು ಆ ಸುದ್ದಿಯನ್ನು ಅತ್ತೆಗೆ ಓದಿ ಹೇಳಿದೆ. "ನಾವು ಗಂಜಿ ತಿಳಿಗೆ ಉಪ್ಪು ಹಾಕಿ ಕೊಡುತ್ತಿದ್ದೆವಲ್ಲ" ಎಂದರು. ಅವರ ಮಾತು ಸರಿ. ಅನ್ನದ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗಿ ಒಡೆಯುತ್ತದೆ, ಅದಕ್ಕೆ ಉಪ್ಪು ಜೊತೆಯಾಗುತ್ತದೆ. ಉಪ್ಪಿಲ್ಲದ ಗಂಜಿಯಿಂದ ಆ ಕೆಲಸ ಆಗುವುದಿಲ್ಲ.

ಗಂಜಿಯನ್ನು ಹೀಗೆ ಮಾಡುತ್ತೇನೆ. ಒಂದು ಹಿಡಿ ಅಕ್ಕಿಯನ್ನು ತೊಳೆದು, ಒಂದೂವರೆ ಲೀಟರಿನಷ್ಟು ನೀರಿನಲ್ಲಿ ಅಕ್ಕಿ ಕರಗಿ ಹೂವಾಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುವುದು. ಸೌಟಿನಿಂದ ಎತ್ತಿ ಸುರಿದರೆ ಧಾರೆಯಾಗಿ ಬೀಳಬೇಕು, ಮುದ್ದೆಯಾಗಿ ಬೀಳಬಾರದು. ಉಪ್ಪು ಕಡಿಮೆಯೇ ಇರಲಿ. ಪೊಟ್ಟಣ ಸಿಗದ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಬೆರಳಿನಿಂದ ಸವರಿ ಸಮ ಮಾಡಬೇಕು. ಮೊದಲು ನೀವು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಕಲಸಿ. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಕಲಸಿದ್ದನ್ನು 24 ಗಂಟೆಗಿಂತ ಹೆಚ್ಚು ಇಡಬಾರದು. ಮಕ್ಕಳಿಗೆ ಇದರೊಂದಿಗೆ ಜಿಂಕ್ ಮಾತ್ರೆಯನ್ನೂ ಆಶಾ ಕಾರ್ಯಕರ್ತೆ ಕೊಡುತ್ತಾರೆ. ಭೇದಿ ನಿಂತಿತೆಂದು ಅದನ್ನು ನಡುವೆ ಬಿಡಬಾರದು, 14 ದಿನ ಮುಗಿಸಬೇಕು.

ನೀರು ತುಂಬಿಸುವ ಕೆಲಸ ಸಾಗುತ್ತಿರುವಾಗಲೇ ದೊಡ್ಡವರಿಗೆ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುತ್ತೇನೆ. ಬೇಸಿಗೆಯಲ್ಲಿ ಸಿಪ್ಪೆಯನ್ನು ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿರಬೇಕು. ಮಳೆಗಾಲದಲ್ಲಿ ಒಣಗಿಸಲು ಹೊರಟರೆ ಬೂಸಲು ಬರುತ್ತದೆ, ಬೂಸಲು ಕಂಡದ್ದನ್ನು ಎಸೆಯಲೇಬೇಕು. ಹೆಬ್ಬೆರಳಿನ ಉಗುರಿನಷ್ಟು ಎರಡು ಚೂರು, ಅರ್ಧ ಚಮಚ ಜೀರಿಗೆ, ಎರಡು ಕಾಳು ಮೆಣಸು. ಇವನ್ನು ನಾಲ್ಕು ಹನಿ ತುಪ್ಪದಲ್ಲಿ ಸಿಪ್ಪೆ ಗರಿಯಾಗುವವರೆಗೆ ಹುರಿಯುವುದು. ಒಂದು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ಕಡೆದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ ಮೆತ್ತಗಿನ ಅನ್ನಕ್ಕೆ ಕಲಸಿಕೊಳ್ಳುವುದು. ಸಾಮಾನ್ಯ ತಂಬುಳಿಗೆ ಕಾಯಿ ಧಾರಾಳವಾಗಿ ಬೀಳುತ್ತದೆ, ಹೊಟ್ಟೆ ಕೆಟ್ಟಾಗ ಜಿಡ್ಡು ಬೇಡವೆಂದು ಕಡಿಮೆ ಮಾಡುತ್ತೇನೆ. ಬಾಯಿ ಒಗರಾಗುತ್ತದೆ, ಸಿಪ್ಪೆಯಲ್ಲಿರುವ ಟ್ಯಾನಿನ್‌ನ ಗುಣ ಅದು. ಸಿಪ್ಪೆ ಇಲ್ಲದಿದ್ದರೆ ಸೀಬೆಯ ಚಿಗುರು ಅದೇ ಕೆಲಸಕ್ಕೆ ಬರುತ್ತದೆ. ಬಾಳೆಕಾಯಿಯನ್ನು ಬೇಯಿಸಿ, ಉಪ್ಪು ಹಾಕಿ ಹಿಸುಕಿ ಅನ್ನದೊಂದಿಗೆ ಕೊಡುವುದೂ ಒಳ್ಳೆಯದೇ.

ಹಾಲಿಲ್ಲದ ಕಾಫಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಭೇದಿ ನಿಲ್ಲುತ್ತದೆ ಎನ್ನುವವರು ನಮ್ಮ ಕಡೆ ಇದ್ದಾರೆ. ನಾನು ಕೊಡುವುದಿಲ್ಲ. ಮೊದಲೇ ಓಡುತ್ತಿರುವ ಕರುಳನ್ನು ಕಾಫಿ ಇನ್ನಷ್ಟು ಓಡಿಸುತ್ತದೆ. ಅಂಗಡಿಯಿಂದ ತಂದು ನುಂಗುವ ಭೇದಿ ಕಟ್ಟುವ ಮಾತ್ರೆಯೂ ಜ್ವರ ಅಥವಾ ರಕ್ತ ಇರುವಾಗ ಕೂಡದು, ಮಕ್ಕಳಿಗಂತೂ ಕೂಡದೇ ಕೂಡದು.

ಹಸುಗೂಸುಗಳ ವಿಷಯದಲ್ಲಿ ನಾನು ಬಹಳ ಗಟ್ಟಿ. ಆರು ತಿಂಗಳವರೆಗೆ ತಾಯಿಯ ಹಾಲೇ ಆಹಾರ, ಭೇದಿಯಾದಾಗ ಅದನ್ನು ಇನ್ನೂ ಹೆಚ್ಚು ಸಲ ಕುಡಿಸಬೇಕು, ಕೂಸನ್ನು ವೈದ್ಯರಿಗೂ ತೋರಿಸಬೇಕು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇನೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನೂ ಮುಟ್ಟಿಸಬಾರದು, ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ನರಗಳನ್ನೇ ಸೋಲಿಸುತ್ತದೆ. ಹೊಟ್ಟೆ ಉಬ್ಬರಿಸಿ ಅಳುವ ಕೂಸಿಗೆ ಇಂಗನ್ನು ಬೆಚ್ಚಗಿನ ಎಣ್ಣೆಯಲ್ಲಿ ಕಲಸಿ ಹೊಕ್ಕುಳ ಸುತ್ತ ಹಚ್ಚುವುದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಹಚ್ಚುವ ಕೈಯ ಬಿಸಿಗೇ ಎಷ್ಟೋ ಕೂಸುಗಳು ಸುಮ್ಮನಾಗುತ್ತವೆ.

ನನ್ನ ಕೈಗೆ ಮೀರಿದ್ದು ಎಂದು ಎರಡನೇ ಯೋಚನೆಯಿಲ್ಲದೆ ಕಳುಹಿಸುವ ಸಂದರ್ಭಗಳಿವೆ. ಮಲದಲ್ಲಿ ರಕ್ತ, ಬಿಡದ ಜ್ವರ, ಏನು ಕೊಟ್ಟರೂ ನಿಲ್ಲದ ವಾಂತಿ, ಗುಳಿಬಿದ್ದ ಕಣ್ಣು, ಮಂಕು, ಹೊಟ್ಟೆಯ ಚರ್ಮ ಎಳೆದು ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುವುದು, ಬಲಗಡೆ ಕಿಬ್ಬೊಟ್ಟೆಯಲ್ಲಿ ಹೆಚ್ಚುತ್ತ ಹೋಗುವ ನೋವು. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತ ಹೋಗಲು ಹೇಳುತ್ತೇನೆ, ಕುಡಿಯುವಷ್ಟು ಎಚ್ಚರವಿದ್ದರೆ ಮಾತ್ರ. ಮಳೆಗಾಲದಲ್ಲಿ ಇನ್ನೊಂದಿದೆ: ಕಾಡಿನ ಅಣಬೆ. ಗುರುತಿಲ್ಲದ ಅಣಬೆ ತಿಂದು ಆರೇಳು ಗಂಟೆ ಕಳೆದ ಮೇಲೆ ವಾಂತಿ ಭೇದಿ ಶುರುವಾದರೆ ಅದು ಅತ್ಯಂತ ಕೆಟ್ಟ ಲಕ್ಷಣ. ಮರುದಿನ ಗುಣವಾದಂತೆ ಕಾಣುತ್ತದೆ, ಅಷ್ಟರಲ್ಲಿ ವಿಷ ಯಕೃತ್ತನ್ನು ಹಾಳುಮಾಡುತ್ತಿರುತ್ತದೆ. ಉಳಿದ ಅಣಬೆಯ ಚೂರನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಓಡಬೇಕು. ಕಳಲೆಯೂ, ಅಂದರೆ ಬಿದಿರಿನ ಎಳೆ ಮೊಳಕೆಯೂ, ಹಾಗೆಯೇ ಎಚ್ಚರ ಬೇಡುವ ತಿನಿಸು. ಹೆಚ್ಚಿದ ಹೋಳನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿ ಬಸಿಯದೆ ನಮ್ಮ ಮನೆಯಲ್ಲಿ ಪಲ್ಯ ಮಾಡುವುದಿಲ್ಲ.

ಕುಡಿಯುವ ನೀರನ್ನು ಉಗುರುಬೆಚ್ಚಗೆ ಮಾಡಿ ಕಾಯಿಸಿದೆವು ಎನ್ನುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ನೀರು ಕುಪ್ಪಳಿಸಿ ಮರಳಬೇಕು, ಮರಳಿದ ಮೇಲೆ ಒಂದು ನಿಮಿಷ ಉರಿ ಇರಬೇಕು. ಸಮುದ್ರಮಟ್ಟದಿಂದ 2,000 ಮೀಟರ್ ದಾಟಿದ ಊರುಗಳಲ್ಲಿ ಮೂರು ನಿಮಿಷ ಬೇಕಾಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್, ಹಾಗಾಗಿ ಜಿಲ್ಲೆಯ ಯಾವ ಮನೆಗೂ ಒಂದು ನಿಮಿಷ ಸಾಕು. ಕಲಕು ನೀರಾದರೆ ಮೊದಲು ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ ಕಾಯಿಸಬೇಕು.

ಭೇದಿ ನಿಂತ ಮೇಲೆ ಬಹಳ ಜನ ಉಪವಾಸ ಮುಂದುವರಿಸುತ್ತಾರೆ, ಮಕ್ಕಳಿಗೂ ಹಾಗೇ ಮಾಡುತ್ತಾರೆ. ಬೇಡ. ಹಸಿವಾದ ಕೂಡಲೇ ಮೆತ್ತಗಿನ ಅನ್ನ, ಬೇಳೆಯ ತಿಳಿಸಾರು, ಏಲಕ್ಕಿ ಬಾಳೆಹಣ್ಣು, ಇಡ್ಲಿ ಕೊಡಬಹುದು. ಮಾಂಸದ ಸಾರು, ಕರಿದದ್ದು, ಹಲಸು ಆಮೇಲೆ ನೋಡೋಣ. ಹಾಲಿಗೂ ಸ್ವಲ್ಪ ದಿನ ಕಾಯಬೇಕು, ಏಕೆಂದರೆ ಭೇದಿಯಿಂದ ನೊಂದ ಕರುಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಳಲು ಸಮಯ ಹಿಡಿಯುತ್ತದೆ. ಎದೆಹಾಲಿಗೆ ಮಾತ್ರ ಈ ಮಾತು ಸಲ್ಲದು. ಮೊಸರು, ಮಜ್ಜಿಗೆ ಅಷ್ಟರಲ್ಲೇ ಒಗ್ಗುತ್ತವೆ. ಎದ್ದು ಕೂತವರು ಮೊದಲು ಕೇಳುವುದು ಕಾಫಿ ಯಾವಾಗ ಎಂದೇ. ಒಂದೆರಡು ದಿನ ಮಲ ಗಟ್ಟಿಯಾಗಿ ಹೋಗಲಿ, ತಿಂಡಿ ತಿಂದ ಮೇಲೆ ಅರ್ಧ ಲೋಟ ಕೊಡುತ್ತೇನೆ ಎನ್ನುತ್ತೇನೆ.