ದೊಡ್ಡ ದಿನಕ್ಕೆ ದೊಡ್ಡ ಹೋಟೆಲಿನ ಊಟ: ಉತ್ತರ ಕನ್ನಡದ ಕರಾವಳಿಯಲ್ಲಿ ಆಯ್ಕೆ ಮಾಡುವ ಬಗೆ

ಹೋಟೆಲ್ ಹುಡುಕಲು ಫೋನ್ ಕೈಗೆತ್ತಿಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು, ಅಂದು ಮೇಜಿನ ಸುತ್ತ ಕೂರುವವರ ಹೆಸರುಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ, ಎಷ್ಟು ಮೆಟ್ಟಿಲು ಹತ್ತಬಲ್ಲರು, ರಾತ್ರಿ ಎಷ್ಟು ಗಂಟೆಗೆ ಉಂಡು ಅಭ್ಯಾಸ ಎಂಬುದನ್ನು ಗುರುತು ಹಾಕಿಕೊಳ್ಳಿ. ಯಾರ ಹೆಸರಿನ ಮುಂದೆ ಅತಿ ಹೆಚ್ಚು ಗುರುತುಗಳು ಬೀಳುತ್ತವೆಯೋ ಅವರಿಗೆ ಒಗ್ಗುವ ಹೋಟೆಲನ್ನೇ ಆರಿಸಿ. ಉಳಿದವರು ಎಲ್ಲಿ ಕೂರಿಸಿದರೂ ಸಂತೋಷದಿಂದ ಉಣ್ಣುತ್ತಾರೆ.

ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿದಾಗ ನಾನು ಈ ಹಾಳೆ ಬರೆದಿರಲಿಲ್ಲ. ಸಮುದ್ರಕ್ಕೆ ಮುಖ ಮಾಡಿದ, ಫೋಟೊಗಳಲ್ಲಿ ದೀಪಗಳಿಂದ ಬೆಳಗುತ್ತಿದ್ದ ಹೋಟೆಲೊಂದರ ಅಂಗಳದಲ್ಲಿ ಹದಿನಾಲ್ಕು ಜನರಿಗೆ ಮೇಜು ಕಾಯ್ದಿರಿಸಿದೆ. ಅಲ್ಲಿಗೆ ಹೋಗಲು ಮರಳಿನ ಮೇಲೆ ನಡೆಯಬೇಕಿತ್ತು. ಮೊಣಕಾಲು ನೋವಿನ ಅಪ್ಪ ಇಬ್ಬರ ಹೆಗಲು ಹಿಡಿದು ಬಂದರು. ಮೇಜಿನ ಬೆನ್ನಿಗೇ ಸ್ಪೀಕರ್ ಇದ್ದುದರಿಂದ ಅವರಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ, ನಮಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಶಿರಸಿಯಿಂದ ಬಂದಿದ್ದ ನನ್ನ ಅತ್ತೆಯವರ ಎದುರಿಗೆ ಪನೀರ್ ಬಂತು, ಅದರ ಹಿಂದೆ ಇನ್ನೊಂದು ಬಣ್ಣದ ಪನೀರ್ ಬಂತು. ಅಪ್ಪನಿಗೆಂದು ಹೇಳಿದ ಇಸ್ವಣ ಮೀನಿನ ತುಂಡು ಹೊರಗೆ ಗರಿಗರಿಯಾಗಿದ್ದರೂ ಒಳಗೆ ಒದ್ದೆ ಹತ್ತಿಯಂತಿತ್ತು. ಅವರು ಅರ್ಧ ತಿಂದು, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿ, ನಾನು ನೋಡಬಾರದೆಂದು ಅದರ ಮೇಲೆ ಲಿಂಬೆಯ ಹೋಳು ಮತ್ತು ಕೊತ್ತಂಬರಿಯನ್ನು ಎಳೆದು ಮುಚ್ಚಿದರು. ಹುಟ್ಟಿನಿಂದ ಕಡಲ ಮೀನು ತಿಂದ ಮನುಷ್ಯ ಮಕ್ಕಳ ಮನಸ್ಸು ನೋಯಬಾರದೆಂದು ಹಾಗೆ ಮಾಡಿದ್ದು ನನಗೆ ಇಂದಿಗೂ ಮರೆತಿಲ್ಲ. ಆ ಬಳಿಕ ಮನೆಯ ದೊಡ್ಡ ಊಟಗಳಿಗೆಲ್ಲ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಐಷಾರಾಮಿ ಹೋಟೆಲುಗಳ ಸಾಲು ಇಲ್ಲ. ಇದನ್ನು ಒಪ್ಪಿಕೊಂಡೇ ಹುಡುಕಾಟ ಆರಂಭಿಸಬೇಕು. ಕಾರವಾರದ ಹೋಟೆಲುಗಳು, ಕಾಳಿ ನದಿಯ ಆಚೆ ದೇವಬಾಗದ ಕಡೆಯ ರೆಸಾರ್ಟ್‌ಗಳು, ಗೋಕರ್ಣದಲ್ಲಿ ಓಂ ಮತ್ತು ಕುಡ್ಲೆ ತೀರಗಳ ಮೇಲಿನ ಗುಡ್ಡದ ತಂಗುದಾಣಗಳು, ಮುರ್ಡೇಶ್ವರದಲ್ಲಿ ದೇವಸ್ಥಾನದ ಬಳಿ ಕಡಲಿಗೆ ತಾಗಿದಂತಿರುವ ಹೋಟೆಲುಗಳು, ಗಡಿ ದಾಟಿದರೆ ದಕ್ಷಿಣ ಗೋವಾದ ಕಾಣಕೋಣದ ದೊಡ್ಡ ಹೋಟೆಲುಗಳು, ಇವು ನಮ್ಮ ಮುಂದಿರುವ ದಿಕ್ಕುಗಳು. ಶಿರಸಿಯವರಿಗೆ ಕುಮಟಾಕ್ಕೆ ಇಳಿಯಲು ಸುಮಾರು 60 ಕಿ.ಮೀ. ಘಟ್ಟದ ದಾರಿಯಿದೆ, ಕಾರವಾರದವರಿಗೆ ಗೋಕರ್ಣವೂ ಹೆಚ್ಚುಕಡಿಮೆ ಅಷ್ಟೇ ದೂರ. ಇಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಕೆಲವು ರೆಸಾರ್ಟ್‌ಗಳು ತಮ್ಮಲ್ಲಿ ಉಳಿದುಕೊಂಡವರಿಗಷ್ಟೇ ಅಡುಗೆ ಮಾಡುತ್ತವೆ. ಆದುದರಿಂದ ಊಟಕ್ಕಷ್ಟೇ ಬರುವವರಿಗೆ ರಾತ್ರಿ ಮೇಜು ಕೊಡುತ್ತೀರಾ ಎಂದು ವಿಚಾರಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಹೋಟೆಲಿಗೆ ಎಷ್ಟು ನಕ್ಷತ್ರಗಳಿವೆ ಎಂಬುದಕ್ಕೆ ನಾನು ಹೆಚ್ಚಿನ ತೂಕ ಕೊಡುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆ ವರ್ಗೀಕರಣಕ್ಕೆ ಹೋಟೆಲುಗಳು ತಾವಾಗಿಯೇ ಅರ್ಜಿ ಹಾಕುತ್ತವೆ, ಒಮ್ಮೆ ದೊರೆತರೆ ಐದು ವರ್ಷ ನಡೆಯುತ್ತದೆ. ಕೊಠಡಿ, ಸೌಕರ್ಯ, ಸುರಕ್ಷತೆಗಳ ಬಗ್ಗೆ ಅದು ಭರವಸೆ ಕೊಡಬಹುದು. ಬೆಳಿಗ್ಗೆ ದೋಣಿಯಿಂದ ಇಳಿದ ಮೀನು ಅಡುಗೆಮನೆಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಹೋಗಿ ನೋಡಬೇಕು.

ಎರಡು ಮೂರು ಹೆಸರುಗಳಿಗೆ ಪಟ್ಟಿ ಇಳಿದ ಮೇಲೆ, ದೊಡ್ಡ ದಿನಕ್ಕೆ ಎರಡು ಮೂರು ವಾರ ಮೊದಲು, ಇಬ್ಬರೇ ಹೋಗಿ ಅಲ್ಲಿ ಉಂಡು ಬನ್ನಿ. ನಿಮ್ಮ ದೊಡ್ಡ ದಿನ ಶನಿವಾರವಾದರೆ ಶನಿವಾರವೇ, ಅದೇ ಹೊತ್ತಿಗೆ ಹೋಗುವುದು ಮುಖ್ಯ. ಮಂಗಳವಾರ ಮಧ್ಯಾಹ್ನ ನಿಶ್ಶಬ್ದವಾಗಿರುವ ಸಭಾಂಗಣದಲ್ಲಿ ಶನಿವಾರ ರಾತ್ರಿ ಪಕ್ಕದವರ ಮಾತೂ ಕೇಳಿಸದಿರಬಹುದು. ಕಾರು ನಿಲ್ಲುವ ಜಾಗದಿಂದ ಮೇಜಿನವರೆಗೆ ಹೆಜ್ಜೆ ಎಣಿಸಿ ನಡೆಯಿರಿ, ಮೆಟ್ಟಿಲಿಗೆ ಕೈಹಿಡಿ ಇದೆಯೇ ನೋಡಿ, ಶೌಚಾಲಯ ಅದೇ ಮಹಡಿಯಲ್ಲಿದೆಯೇ ನೋಡಿ. ಈ ಪರೀಕ್ಷೆಯ ಊಟಕ್ಕೆ ಖರ್ಚಾಗುವ ಹಣ ವ್ಯರ್ಥವೆಂದು ನನಗೆ ಒಮ್ಮೆಯೂ ಅನಿಸಿಲ್ಲ.

ಇನ್ನು ಮೀನಿನ ವಿಷಯ. ಕರಾವಳಿಯ ಹೋಟೆಲನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಮೆನು ಪುಸ್ತಕ ತೆರೆಯುವ ಮೊದಲೇ, ಇವತ್ತು ಯಾವ ಮೀನು ಬಂದಿದೆ ಎಂದು ಬಡಿಸುವವರನ್ನು ಕೇಳಿ. ಎಲ್ಲವೂ ಇದೆ ಎಂಬ ಉತ್ತರ ಬಂದರೆ ಅದು ಒಳ್ಳೆಯ ಸೂಚನೆಯಲ್ಲ, ಏಕೆಂದರೆ ಇಸ್ವಣ, ಪಾಪ್ಲೆಟ್, ನೋಗ್ಲಿ, ಸೀಗಡಿ, ಏಡಿ ಎಲ್ಲವೂ ಎಲ್ಲ ದಿನವೂ ಇರಬೇಕಾದರೆ ಅವು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇರಲೇಬೇಕು. ಒಳಗೆ ಹೋಗಿ ಕೇಳಿ ಬಂದು, ಇಂದು ಪಾಪ್ಲೆಟ್ ಸಣ್ಣದು ಬಂದಿದೆ, ನೋಗ್ಲಿ ಚೆನ್ನಾಗಿದೆ ಎಂದು ಹೇಳುವವನನ್ನು ನಂಬಿ. ಕೇಳಿದರೆ ಹಸಿ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುವ ಅಡುಗೆಮನೆಗಳೂ ಇವೆ. ಹಾಗೆ ತಂದಾಗ ಕಣ್ಣು ಉಬ್ಬಿ ತಿಳಿಯಾಗಿದೆಯೇ, ಕಿವಿರು ಎತ್ತಿದರೆ ಕೆಂಪಗಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳುತ್ತದೆಯೇ ಎಂದು ನೋಡಲು ಸಂಕೋಚ ಪಡಬೇಕಾಗಿಲ್ಲ. ಪೇಟೆಯಲ್ಲಿ ಬುಟ್ಟಿಯ ಮುಂದೆ ನಾವು ಮಾಡುವುದು ಅದನ್ನೇ. ರವೆ ಹಚ್ಚಿ ಕರಿದ ತುಂಡು ಬಂದಾಗ ಮೊದಲು ರವೆಯ ಪದರವನ್ನು ಬಿಡಿಸಿ ಒಳಗಿನ ಮಾಂಸವನ್ನಷ್ಟೇ ತಿನ್ನಿ. ತಾಜಾ ಮೀನು ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ, ಅದರಲ್ಲಿ ಸಣ್ಣ ಸಿಹಿ ಇರುತ್ತದೆ.

ಸೋಲ್‌ಕಡಿಯನ್ನೂ ತಪ್ಪದೆ ತರಿಸಿಕೊಳ್ಳಿ. ಆಗಷ್ಟೇ ಹಿಂಡಿದ ಕಾಯಿಹಾಲಿಗೆ ಮುರುಗಲ (ಕೋಕಂ) ಸಿಪ್ಪೆಯ ರಸ ಬೆರೆಸಿದರೆ ಬರುವುದು ಮಾಸಲು ಗುಲಾಬಿ ಬಣ್ಣ, ನಾಲಿಗೆಯ ಮೇಲೆ ಮೊದಲು ಕಾಯಿ, ಆಮೇಲೆ ಹುಳಿ, ಕೊನೆಗೆ ಬೆಳ್ಳುಳ್ಳಿ. ಕಣ್ಣು ಕುಕ್ಕುವ ಗುಲಾಬಿಯಾಗಿದ್ದರೆ ಅಥವಾ ಮೇಲೆ ನೀರು, ಕೆಳಗೆ ಗಟ್ಟಿ ಎಂದು ಒಡೆದು ನಿಂತಿದ್ದರೆ ಅದು ಬಹಳ ಹೊತ್ತಿನ ಹಿಂದಿನದು ಅಥವಾ ಬಾಟಲಿಯಿಂದ ಬಂದದ್ದು. ಒಂದು ಲೋಟ ಕಡಿಯನ್ನು ಹೊತ್ತಿಗೆ ಸರಿಯಾಗಿ ಮಾಡದ ಅಡುಗೆಮನೆ ನಿಮ್ಮ ಹದಿನಾಲ್ಕು ಜನರ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡೀತೆಂದು ನಾನು ನಂಬುವುದಿಲ್ಲ.

ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಪೂರ್ವ ಕರಾವಳಿಯಲ್ಲಿ ಆ ನಿಷೇಧ ಜೂನ್ ಮಧ್ಯಕ್ಕೆ ಮುಗಿಯುವುದರಿಂದ ಮಳೆಗಾಲದಲ್ಲಿ ಇಲ್ಲಿನ ತಟ್ಟೆಗೆ ಬೀಳುವ ದೊಡ್ಡ ಮೀನು ಅಲ್ಲಿಂದ ಮಂಜುಗಡ್ಡೆಯಲ್ಲಿ ಪ್ರಯಾಣ ಮಾಡಿ ಬಂದದ್ದಿರಬಹುದು. ನಿಮ್ಮ ದೊಡ್ಡ ದಿನ ಆ ಎರಡು ತಿಂಗಳಲ್ಲಿ ಬಂದರೆ ಇಸ್ವಣದ ಆಸೆ ಬಿಟ್ಟು, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಯ ಮೀನು ಅಥವಾ ಏಡಿ ಸಿಗುತ್ತದೆಯೇ ಎಂದು ಕೇಳಿ, ಇಲ್ಲವಾದರೆ ಅಂಕೋಲೆಯ ಕಡೆಯ ಕೋಳಿಸಾರು ಮತ್ತು ವಡೆಯನ್ನು ಮಾಡಿಸಿ. ಊರಿನ ಅಡುಗೆಯವರು ಒಳಗಿದ್ದರೆ ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ. ಇದರ ಜೊತೆಗೆ ವಾರವನ್ನೂ ನೋಡಿಕೊಳ್ಳಿ: ಸೋಮವಾರ ಮೀನು ಮುಟ್ಟದ ಮನೆಗಳು ಕಾರವಾರದ ಕಡೆ ಬಹಳ ಇವೆ, ಶ್ರಾವಣವಿಡೀ ಮುಟ್ಟದವರೂ ಇದ್ದಾರೆ.

ಘಟ್ಟದ ಮೇಲಿನ ನೆಂಟರಿರುವ ಮೇಜಿನಲ್ಲಿ ಸಸ್ಯಾಹಾರ ಎಂಬ ಒಂದೇ ಪದ ಸಾಲದು. ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆಯೇ, ಮೀನು ಕರಿದ ಎಣ್ಣೆ ಮತ್ತು ಬಾಣಲೆಯನ್ನು ಪ್ರತ್ಯೇಕ ಇಡುತ್ತಾರೆಯೇ ಎಂಬುದನ್ನು ಮ್ಯಾನೇಜರ್ ಬಳಿ ಕೇಳಿದರೆ ಸಾಲದು, ಮುಖ್ಯ ಅಡುಗೆಯವರನ್ನು ಕರೆಸಿ ಕೇಳಿ. ಐದಾರು ದಿನ ಮೊದಲು ಹೇಳಿದರೆ ಒಂದೆಲಗದ ತಂಬುಳಿ, ಸೌತೆಕಾಯಿಯ ಸಾಸ್ಮೆ, ಮಾವಿನ ಮಿಡಿಯ ಅಪ್ಪೆಹುಳಿಯಂಥದ್ದನ್ನು ಮಾಡಿಕೊಡುವ ಅಡುಗೆಯವರು ಕರಾವಳಿಯ ಹೋಟೆಲುಗಳಲ್ಲಿ ಇಲ್ಲದಿಲ್ಲ. ಎರಡನೆಯ ಸಲ ನಾನು ಹಾಗೆ ಮಾಡಿದೆ. ಊಟದ ಆರಂಭದಲ್ಲೇ ಅಪ್ಪೆಹುಳಿ ಸಣ್ಣ ಲೋಟದಲ್ಲಿ ಬಂತು; ಅತ್ತೆ ಅದನ್ನು ಕುಡಿಯುವ ಮೊದಲು ಮೂಗಿನ ಹತ್ತಿರ ಹಿಡಿದು, ಮಿಡಿ ಎಲ್ಲಿಯದು ಎಂದು ಕೇಳಿದರು. ಬಡಿಸುವ ಹುಡುಗ ಅಡುಗೆಯವರನ್ನೇ ಕರೆದುಕೊಂಡು ಬಂದ. ಮುಂದಿನ ಹತ್ತು ನಿಮಿಷ ಅವರಿಬ್ಬರ ನಡುವೆ ಮಿಡಿಯ ಜಾತಿ, ಸೊನೆಯ ಪರಿಮಳ, ಉಪ್ಪುನೀರಿನಲ್ಲಿ ಇಡುವ ಕ್ರಮಗಳ ಮಾತು ನಡೆಯಿತು. ಅಷ್ಟು ಹೊತ್ತು ಯಾರೂ ಬೇರೆ ಮಾತಾಡಲಿಲ್ಲ.

ಬಫೆಯನ್ನು ವಿಶೇಷ ದಿನಕ್ಕೆ ನಾನು ಒಪ್ಪುವುದಿಲ್ಲ. ಹಿರಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಮನೆಮಂದಿ ಒಟ್ಟಿಗೆ ಕುಳಿತಿರುವ ಹೊತ್ತೇ ಸಿಗುವುದಿಲ್ಲ, ಕರಿದ ಮೀನು ಮುಚ್ಚಳದ ಕೆಳಗೆ ಬೆವರುತ್ತದೆ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಮುಂಚಿತವಾಗಿ ಏಳೆಂಟು ಪದಾರ್ಥಗಳ ಪಟ್ಟಿ ನಿಗದಿ ಮಾಡಿ, ಮೇಜಿಗೇ ಬಡಿಸಲು ಹೇಳಿ. ಕಡಿಮೆ ಜನರಿದ್ದರೆ ಅಲ್ಲೇ ಮೆನು ನೋಡಿ ಹೇಳಿದರೂ ನಡೆದೀತು.

ಕಡಲಿನ ಪಕ್ಕದ ಮೇಜು ಎಲ್ಲರಿಗೂ ಬೇಕು. ಆದರೆ ಕಡಲು ಕಾಣುವುದು ಬೆಳಕಿರುವಾಗ. ನಮ್ಮಲ್ಲಿ ನವೆಂಬರ್ ಕೊನೆಗೆ ಸುಮಾರು ಆರಕ್ಕೇ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಗೆ ಏಳು ದಾಟುತ್ತದೆ. ಎಂಟೂವರೆಗೆ ಹೋಗಿ ಕುಳಿತರೆ ಎದುರಿಗೆ ಕತ್ತಲೆ ಮತ್ತು ಗಾಳಿ ಮಾತ್ರ. ಹಾಗಾಗಿ ಮುಳುಗುವ ಹೊತ್ತಿಗೆ ಹೊರಗೆ ಕುಳಿತು ಚಹಾವನ್ನೋ ಪಾನಕವನ್ನೋ ಕುಡಿದು, ಫೋಟೊ ತೆಗೆಸಿಕೊಂಡು, ಊಟಕ್ಕೆ ಒಳಗಿನ ಮೇಜಿಗೆ ಬರುವ ಏರ್ಪಾಡು ಮಾಡಿ. ಗಾಳಿಗೆ ಅನ್ನ ಆರಿಹೋಗುವುದಿಲ್ಲ, ಸೊಳ್ಳೆಯ ಕಾಟವಿರುವುದಿಲ್ಲ, ಸೀರೆಯ ಸೆರಗು ಸಾರಿಗೆ ಬೀಳುವುದಿಲ್ಲ. ಸಂಗೀತವಿದ್ದರೆ ಸ್ಪೀಕರ್ ಎಲ್ಲಿದೆ ಎಂದು ನೋಡಿ, ಅದಕ್ಕೆ ಅತಿ ದೂರದ ಮೇಜನ್ನೇ ಕೇಳಿ, ಮೇಜಿನ ಸಂಖ್ಯೆಯನ್ನು ಬರೆಸಿಕೊಳ್ಳಿ.

ಮಾತಿನಲ್ಲಿ ಒಪ್ಪಿದ್ದೆಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಕಳುಹಿಸಿ, ಸರಿ ಎಂಬ ಉತ್ತರ ತರಿಸಿಕೊಳ್ಳಿ: ದಿನಾಂಕ, ಹೊತ್ತು, ಜನ, ಮೇಜು, ಪದಾರ್ಥ, ತಲಾ ದರ, ಮುಂಗಡ, ರದ್ದಾದರೆ ಎಷ್ಟು ವಾಪಸ್, ಹೊರಗಿನ ಕೇಕ್ ತರಬಹುದೇ. ಡಿಸೆಂಬರ್ ಕೊನೆಯ ಹತ್ತು ದಿನ ಗೋಕರ್ಣ ಮತ್ತು ಗೋವಾದಲ್ಲಿ ಎಲ್ಲ ದರಗಳೂ ಏರುತ್ತವೆ, ಮೇಜು ಸಿಗುವುದೂ ಕಷ್ಟ. ಆಗ ಹುಟ್ಟುಹಬ್ಬ ಬಂದರೆ ಒಂದು ವಾರ ಮೊದಲೇ ಆಚರಿಸುವುದು ಒಳಿತು.

ಹಣದ ಲೆಕ್ಕವನ್ನು ತೆರಿಗೆ ಸಮೇತ ಹಾಕಿ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದೇ ಕೊಠಡಿಯ ದಿನದ ಬಾಡಿಗೆ 7,500 ರೂಪಾಯಿ ಮೀರಿದ್ದ ಹೋಟೆಲಿನೊಳಗಿನ ರೆಸ್ಟೊರೆಂಟ್‌ನಲ್ಲಿ ಊಟಕ್ಕೆ ಶೇ 18 ಜಿಎಸ್‌ಟಿ ಬೀಳುತ್ತದೆ. ಸಾಮಾನ್ಯವಾಗಿ ಬೇರೆಡೆ ಅದು ಶೇ 5. ಅಂದರೆ 10,000 ರೂಪಾಯಿಯ ಊಟ ಒಂದು ಕಡೆ 11,800, ಇನ್ನೊಂದು ಕಡೆ 10,500. ಇದರ ಮೇಲೆ ಶೇ 10 ಸೇವಾ ಶುಲ್ಕ ಸೇರಿಸಿ ಅದಕ್ಕೂ ತೆರಿಗೆ ಹಾಕಿದರೆ ಮೊದಲನೆಯದು 12,980 ಆಗುತ್ತದೆ. ಸೇವಾ ಶುಲ್ಕ ಕಡ್ಡಾಯವಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಬೇಡವೆನಿಸಿದರೆ ತೆಗೆಯಲು ಹೇಳಿ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಯಿದೆ. ಈ ಮಾತನ್ನು ಮೇಜು ಕಾಯ್ದಿರಿಸುವಾಗಲೇ ಮುಗಿಸಿಕೊಳ್ಳಿ, ಹಿರಿಯರ ಎದುರಿಗೆ ಬಿಲ್ಲಿನ ಚರ್ಚೆ ಬೇಡ. ಚೆನ್ನಾಗಿ ಬಡಿಸಿದ ಹುಡುಗರಿಗೆ ಕೈಗೇ ಕೊಡುವುದು ಬೇರೆ ವಿಷಯ, ಅದನ್ನು ಧಾರಾಳವಾಗಿ ಕೊಡಿ.

ಕೊನೆಯದಾಗಿ ವಾಪಸ್ ಬರುವ ದಾರಿ. ಕಾಣಕೋಣದ ಕಡೆ ಹೋದವರು ಅಲ್ಲಿ ಉಳಿದ ಬಾಟಲಿಯನ್ನು ಕಾರಿನಲ್ಲಿಟ್ಟುಕೊಂಡು ಬರಬೇಡಿ. ಪರವಾನಗಿ ಇಲ್ಲದೆ ಗೋವಾದ ಮದ್ಯ ತರುವುದು ಅಪರಾಧ, ಗಡಿಯ ಮಾಜಾಳಿಯಲ್ಲಿ ತಪಾಸಣೆ ನಡೆಯುತ್ತದೆ. ಕುಡಿಯುವವರಿದ್ದರೆ ಚಾಲಕನನ್ನು ಬೇರೆ ಗೊತ್ತುಮಾಡಿ. ಮಳೆಗಾಲದಲ್ಲಂತೂ, 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನೂ, ಆಗಸ್ಟ್‌ನಲ್ಲಿ ಕಾಳಿಯ ಹಳೆಯ ಸೇತುವೆ ನಡುರಾತ್ರಿ ಬಿದ್ದದ್ದನ್ನೂ ಕಂಡ ನಾವು ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯಲ್ಲಾಗಲಿ ದೇವಿಮನೆ ಘಟ್ಟದಲ್ಲಾಗಲಿ ಹಿರಿಯರನ್ನು ಕೂರಿಸಿಕೊಂಡು ಹೊರಡಬಾರದು. ಆ ತಿಂಗಳುಗಳಲ್ಲಿ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಅಥವಾ ಅಲ್ಲೇ ಎರಡು ಕೊಠಡಿ ಹಿಡಿದು ಬೆಳಿಗ್ಗೆ ಹೊರಡಿ. ಹಿಂದಿನ ಸಂಜೆ ಹೋಟೆಲಿಗೆ ಮತ್ತೊಮ್ಮೆ ಫೋನ್ ಮಾಡಿ, ಮೇಜಿನ ಸಂಖ್ಯೆಯನ್ನೂ ಪ್ರತ್ಯೇಕ ಬಾಣಲೆಯ ಮಾತನ್ನೂ ಅವರ ಬಾಯಿಂದಲೇ ಹೇಳಿಸಿ, ಬೆಳಿಗ್ಗೆ ಯಾವ ಮೀನು ತರುತ್ತೀರಿ ಎಂದು ಕೇಳಿ.