ಬಿದ್ದ ಗರಿ ಪಾರಿವಾಳದ್ದೇ ಅಂತ ನಾನು ಹೇಗೆ ಗುರುತಿಸುತ್ತೇನೆ

ಕಾರವಾರ ಪೇಟೆಯಲ್ಲಿ ಹಳೆ ಕಟ್ಟಡಗಳ ಸಜ್ಜಾ ಕೆಳಗೆ ಬಿದ್ದಿರುವ ಬೂದು ಗರಿಗಳಲ್ಲಿ ಹೆಚ್ಚಿನವು ಪಾರಿವಾಳದ್ದೇ. ಆದರೂ ಪಕ್ಕದ ಮನೆ ಹುಡುಗರು ಹಿಡಿದು ತಂದು, "ಮಾಮಾ, ಇದು ಗಿಡುಗದ್ದಲ್ವಾ?" ಅಂತಲೇ ಕೇಳುತ್ತಾರೆ. ಪಾರಿವಾಳ ಅಂದರೆ ಮುಖ ಸಪ್ಪೆ.

ಬಣ್ಣವೊಂದನ್ನೇ ನಂಬಬೇಡಿ. ಊರ ಪಾರಿವಾಳಗಳು ಸಾಕಿದವುಗಳ ಜೊತೆ ಬೆರೆತು ಕಪ್ಪು, ಕಂದು, ಬಿಳಿ, ಚುಕ್ಕೆ ಎಲ್ಲ ಬಣ್ಣದಲ್ಲೂ ಸಿಗುತ್ತವೆ. ನಾನು ಮೊದಲು ಕೇಳಿಕೊಳ್ಳುವುದು ಗರಿ ಮೈಯ ಯಾವ ಭಾಗದ್ದು ಅಂತ. ದಂಟಿನ ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗಿದ್ದರೆ ಸಾಮಾನ್ಯವಾಗಿ ರೆಕ್ಕೆಯದ್ದು. ದಂಟಿನ ಉದ್ದಕ್ಕೂ ಸಣ್ಣ ತೋಡು ಇರುವುದು ಗರಿಯ ಅಡಿಮೈ. ಅದನ್ನು ಹಿಂದಕ್ಕೆ ತಿರುಗಿಸಿ, ತುದಿ ಕೆಳಗೆ ಮಾಡಿ ಹಿಡಿಯಿರಿ. ಕಿರಿದಾದ ಕಡೆ ಎಡಕ್ಕೆ ಬಂದರೆ ಎಡ ರೆಕ್ಕೆ, ಬಲಕ್ಕೆ ಬಂದರೆ ಬಲ ರೆಕ್ಕೆ. ಹುಡುಗರಿಗೆ ಇದು ಹೇಳಿದರೆ ಗಿಡುಗ ಮರೆತೇ ಹೋಗುತ್ತದೆ.

ಪಾರಿವಾಳದ ಅತಿ ಉದ್ದದ ರೆಕ್ಕೆ ಗರಿಯೂ ಗೇಣಿಗಿಂತ ಚಿಕ್ಕದು. ಆದರೆ ನನಗೆ ಜಾಸ್ತಿ ನೆರವಾಗುವುದು ಬಾಲದ ಗರಿ. ಒಟ್ಟು 12 ಇರುತ್ತವೆ. ಮಾಮೂಲಿ ಬೂದು ಪಾರಿವಾಳವಾದರೆ ತುದಿಯಲ್ಲಿ ಒಂದೇ ಒಂದು ದಪ್ಪ ಕಪ್ಪು ಪಟ್ಟಿ, ತೀರಾ ಅಂಚಿನ ಗರಿಯ ಹೊರಮಗ್ಗುಲಲ್ಲಿ ಬಿಳಿ. ಬೆಳವದ ಬಾಲದಲ್ಲಿ ಇದು ಉಲ್ಟಾ, ಹೊರಗಿನ ಗರಿಗಳ ಬುಡ ಕಪ್ಪು, ತುದಿ ಬಿಳಿ. ಗಿಡುಗದ ಬಾಲದಲ್ಲಿ ಒಂದಲ್ಲ, ಹಲವು ಅಡ್ಡಪಟ್ಟಿ. ಚಳಿಗಾಲದಲ್ಲಿ ಬೀಚಿನ ಮರಳಲ್ಲಿ ಸಿಗುವ ಉದ್ದದ ಗರಿಯಲ್ಲಿ ಕಪ್ಪು ತುದಿಯ ಹತ್ತಿರ ಬಿಳಿ ಮಚ್ಚೆ ಇದ್ದರೆ ಅದು ಗಲ್ ಹಕ್ಕಿಯದ್ದು ಇರಬಹುದು.

ಇನ್ನೊಂದು ಗುರುತು ಪುಡಿ. ಪಾರಿವಾಳದ ಮೈಯಲ್ಲಿ ಕೆಲವು ಮೃದು ಗರಿಗಳು ಪುಡಿಯಾಗುತ್ತಲೇ ಇರುತ್ತವೆ, ಆ ಹುಡಿ ಮೈಯೆಲ್ಲಾ ಹರಡುತ್ತದೆ. ಒಣಗಿದ ಹೊಸ ಗರಿಯನ್ನು ಕಪ್ಪು ಬಟ್ಟೆ ಮೇಲೆ ಉಜ್ಜಿದರೆ ಬೆಳ್ಳಗೆ ಅಂಟುತ್ತದೆ. ಕಿಟಕಿ ಗಾಜಿಗೆ ಪಾರಿವಾಳ ಬಡಿದಾಗ ರೆಕ್ಕೆ ಸಮೇತ ಅಚ್ಚು ಮೂಡುವುದೂ ಇದರಿಂದಲೇ. ನಮ್ಮ ಮಳೆಯಲ್ಲಿ ನೆನೆದು ಬಿದ್ದ ಗರಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಹುಡಿ ಮೂಗಿಗೆ ಒಳ್ಳೆಯದಲ್ಲ.

ಯುರೋಪಿನ ಪುಸ್ತಕ ನೋಡಿ ಸೊಂಟದ ಬಿಳಿ ಗರಿ ಹುಡುಕಬೇಡಿ. ನಮ್ಮ ಕಡೆಯ ಪಾರಿವಾಳಕ್ಕೆ ಅಲ್ಲಿ ಬೂದು ಬಣ್ಣವೇ.

ಒಂದೇ ಕಡೆ ರಾಶಿ ಬಿದ್ದಿದ್ದರೆ ದಂಟಿನ ಬುಡ ನೋಡುತ್ತೇನೆ. ಗಿಡುಗ ಗರಿ ಕೀಳುತ್ತದೆ, ಹಾಗಾಗಿ ಬುಡ ಹೆಚ್ಚಾಗಿ ಪೂರ್ತಿ ಇರುತ್ತದೆ. ಬೆಕ್ಕು, ನಾಯಿ ಕಚ್ಚಿದ್ದರೆ ದಂಟು ತುಂಡಾಗಿರುತ್ತದೆ. ಬರೀ ಬಾಲದ ಗರಿಗಳೇ ಬಿದ್ದಿದ್ದರೆ ಹಕ್ಕಿ ಸತ್ತಿತು ಅಂತ ಹೇಳಲಾಗದು. ಹೆದರಿದ ಪಾರಿವಾಳ ಬಾಲದ ಗರಿ ಸುಲಭವಾಗಿ ಉದುರಿಸಿ ತಪ್ಪಿಸಿಕೊಳ್ಳುತ್ತದೆ. ಬುಡ ಸಮೇತ ಹೋದ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ, ತುಂಡಾದದ್ದು ಮಾತ್ರ ಮುಂದಿನ ಸಲ ಗರಿ ಉದುರುವ ತನಕ ಹಾಗೇ ಉಳಿಯುತ್ತದೆ.