ಕನ್ನಡ ಕೈಪಿಡಿಯನ್ನು ಸಾದಾ ಟೆಕ್ಸ್ಟ್ ಕಡತಗಳಿಂದ ಪ್ರಕಟಿಸುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ತಂಡ ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಿಗೆ ಪಂಪ್‌ಸೆಟ್ ನಿಯಂತ್ರಕ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಕೈಪಿಡಿ ಬೇಕಾದವರು ಇಬ್ಬರು: ಫರ್ಮ್‌ವೇರ್ (ನಿಯಂತ್ರಕದೊಳಗೆ ಕೂತು ಅದನ್ನು ನಡೆಸುವ ತಂತ್ರಾಂಶ) ಬರೆಯುವ ಎಂಜಿನಿಯರ್ ಮತ್ತು ಮದ್ದೂರಿನ ಹೊಲದಲ್ಲಿ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿಕೊಂಡು ನಿಂತ ಮೆಕ್ಯಾನಿಕ್. ವರ್ಡ್ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿಸಿದರೆ ಹೊಸ ಫರ್ಮ್‌ವೇರಿಗೆ ಹಳೆಯ ಕೈಪಿಡಿಯೇ ಗತಿ. ನೀರಿಲ್ಲದೆ ಓಡುವ ಮೋಟಾರ್ 30 ಸೆಕೆಂಡಿಗೆ ನಿಲ್ಲುವಂತೆ ಕೋಡ್ ಬದಲಾಗಿರುತ್ತದೆ, ಕೈಪಿಡಿಯಲ್ಲಿ ಇನ್ನೂ 60 ಇರುತ್ತದೆ. ಮೆಕ್ಯಾನಿಕ್ ಚೆನ್ನಾಗಿರುವ ಬೋರ್ಡನ್ನೇ ಕಿತ್ತು ಬೇರೆ ಹಾಕುತ್ತಾನೆ.

ಆದ್ದರಿಂದ ಕೋಡ್ ಇರುವ ಗಿಟ್ ಭಂಡಾರದಲ್ಲೇ (ಕಡತಗಳ ಪ್ರತಿ ತಿದ್ದುಪಡಿಯ ದಾಖಲೆ ಇಡುವ ವ್ಯವಸ್ಥೆ ಗಿಟ್) ಕೈಪಿಡಿಗೂ ಒಂದು ಫೋಲ್ಡರ್ ಮಾಡಿ. ನಿಯಂತ್ರಕದ ನಡವಳಿಕೆ ಬದಲಿಸುವ ಯಾವ ತಿದ್ದುಪಡಿಯೂ ಕೈಪಿಡಿಯಲ್ಲಿ ಅದರ ಪುಟದ ತಿದ್ದುಪಡಿಯಿಲ್ಲದೆ ಮುಖ್ಯ ಶಾಖೆಗೆ, ಅಂದರೆ ಭಂಡಾರದ ಒಪ್ಪಿತ ಪ್ರತಿಗೆ, ಸೇರಬಾರದು. ಮಿಕ್ಕ ವ್ಯವಸ್ಥೆಯೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ಬರವಣಿಗೆಗೆ ಮಾರ್ಕ್‌ಡೌನ್ ಸಾಕು; ತಲೆಬರಹ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಸೂಚಿಸುವ ಸಾದಾ ಟೆಕ್ಸ್ಟ್ ಶೈಲಿ ಅದು. ಒಂದು ಸಾಲಿಗೆ ಒಂದೇ ವಾಕ್ಯ ಬರೆಯಿರಿ. ಪುಟ ಕಟ್ಟುವಾಗ, ಅಂದರೆ ಈ ಕಡತಗಳಿಂದ ಓದುವ ಪುಟ ತಯಾರಿಸುವಾಗ, ಸಾಲುಗಳು ಕೂಡಿ ಪ್ಯಾರಾ ಆಗುತ್ತವೆ, ಓದುಗರಿಗೆ ವ್ಯತ್ಯಾಸ ಕಾಣದು. ಆದರೆ ಗಿಟ್ ಸಾಲು ಸಾಲಾಗಿ ಹೋಲಿಸುವುದರಿಂದ ಯಾವ ವಾಕ್ಯ ಬದಲಾಯಿತೆಂದು ಪರಿಶೀಲಿಸುವವರಿಗೆ ನೇರವಾಗಿ ಕಾಣುತ್ತದೆ. ಕಡತದ ಹೆಸರುಗಳನ್ನು ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿಡಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಶೇಖರಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆ 3 ಬೈಟ್. ವೆಬ್ ವಿಳಾಸ ನಕಲು ಮಾಡಿದಾಗ ಒಂದೊಂದೂ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರವಾಗಿ ಹಿಗ್ಗುತ್ತದೆ.

ಹಳೆಯ ಕೈಪಿಡಿಯ ಪಠ್ಯ ತರುವಾಗ ಜೋಪಾನ. 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪಿಸಿದ್ದರೆ ಒಳಗಿರುವುದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಸಂಕೇತಗಳು. ಫಾಂಟ್ ಕಳಚಿದ ಕೂಡಲೇ ಅರ್ಥವಿಲ್ಲದ ಅಕ್ಷರಗಳು ಹೊರಬೀಳುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರವಿರುವ ಪದಗಳನ್ನು ಕಣ್ಣಿಂದಲೇ ಓದಿ ನೋಡಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲೇ. 'ಸಾಫ್ಟ್‌ವೇರ್' ಎಂಬ ಪದದ ನಡುವೆ ಅಕ್ಷರಗಳು ಕೂಡಿ ಒತ್ತಾಗುವುದನ್ನು ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಬರೆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದ, ಹುಡುಕಿದರೆ ಅರ್ಧ ಪುಟಗಳು ಸಿಗುವುದೇ ಇಲ್ಲ. ಇಂಥ ಪದಗಳ ಒಪ್ಪಿತ ರೂಪದ ಪಟ್ಟಿಯೊಂದನ್ನು ಭಂಡಾರದಲ್ಲೇ ಇಟ್ಟುಕೊಳ್ಳಿ.

ಇನ್ನು ಈ ಕಡತಗಳಿಂದ ವೆಬ್ ಪುಟ ಕಟ್ಟುವ ಸಲಕರಣೆ. ಸ್ಫಿಂಕ್ಸ್, ಎಂಕೆಡಾಕ್ಸ್ ಎರಡೂ ಇಂಥವೇ. ಸ್ಫಿಂಕ್ಸ್ ಪೈಥಾನ್ ಭಾಷೆಯ ದಾಖಲೆಗಳಿಗೆಂದು ಹುಟ್ಟಿದ್ದು, 2008ರಿಂದ ಬಳಕೆಯಲ್ಲಿದೆ. ಅಡ್ಡ ಉಲ್ಲೇಖ, ವಿಷಯಸೂಚಿಗಳಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೂ ಕನ್ನಡ ಕೈಪಿಡಿಗೆ ನಮ್ಮ ಸಲಹೆ ಎಂಕೆಡಾಕ್ಸ್ ಮತ್ತು ಅದರ ಮೆಟೀರಿಯಲ್ ಥೀಮ್. ಕಾರಣ ಹುಡುಕಾಟ. ಪದ ಎಲ್ಲಿ ಮುಗಿಯುತ್ತದೆಂದು ಗುರುತಿಸುವ ಪೈಥಾನ್‌ನ ಸಾಮಾನ್ಯ ನಿಯಮ ನಮ್ಮ ಕಾಗುಣಿತ ಚಿಹ್ನೆಗಳನ್ನು ಅಕ್ಷರವೆಂದು ಲೆಕ್ಕಿಸುವುದಿಲ್ಲ. ಅದನ್ನೇ ನೆಚ್ಚಿಕೊಂಡ ಸ್ಫಿಂಕ್ಸ್‌ನ ಹುಡುಕಾಟದ ಸೂಚಿಯಲ್ಲಿ 'ಮೋಟಾರ್' ಎಂಬುದು ಮ, ಟ, ರ ಎಂದು ಚೂರಾಗುತ್ತದೆ. ಮೆಟೀರಿಯಲ್‌ನಲ್ಲಿ ಹುಡುಕಾಟದ ಭಾಷೆಯಾಗಿ ಕನ್ನಡವನ್ನು ಆರಿಸಬಹುದು. ಆರಿಸುವುದನ್ನು ಮರೆಯಬೇಡಿ: ಇಂಗ್ಲಿಷ್ ಮಾತ್ರ ಇದ್ದರೆ ಕನ್ನಡ ಪದಗಳನ್ನು ಅದು ವಿರಾಮಚಿಹ್ನೆಗಳಂತೆ ಉಜ್ಜಿಹಾಕುತ್ತದೆ. ವಿಭಕ್ತಿಯ ತೊಡಕು ಆಗಲೂ ಉಳಿಯುತ್ತದೆ. 'ಮೋಟಾರಿಗೆ', 'ಮೋಟಾರಿನ' ಎಂದಷ್ಟೇ ಇರುವ ಪುಟದಲ್ಲಿ ಎಲ್ಲಾದರೂ ಒಂದು ಕಡೆ ಮೂಲ ಪದವನ್ನೂ ಬರೆದಿರಿ.

ತಲೆಬರಹದ ವಿಚಾರದಲ್ಲಿ ಬಹಳ ಜನ ಬೀಳುತ್ತಾರೆ. ಪ್ರತಿ ತಲೆಬರಹಕ್ಕೂ ಎಂಕೆಡಾಕ್ಸ್ ತಾನೇ ಒಂದು ಕೊಂಡಿ-ಗುರುತು ಕೊಡುತ್ತದೆ. ಕೊಡುವಾಗ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನೆಲ್ಲ ಎಸೆಯುತ್ತದೆ. 'ಫೇಸ್ ಹೋದಾಗ', 'ವೋಲ್ಟೇಜ್ ಕಡಿಮೆಯಾದಾಗ' ಎಂಬ ತಲೆಬರಹಗಳಲ್ಲಿ ಏನೂ ಉಳಿಯದೆ, ಒಂದು ಅಡಿಗೆರೆ ಮತ್ತು 1, 2, 3 ಎಂಬ ಕ್ರಮಸಂಖ್ಯೆಯಷ್ಟೇ ಗುರುತಾಗುತ್ತದೆ. ನಡುವೆ ಹೊಸ ತಲೆಬರಹ ಸೇರಿಸಿದಿರೋ, ಅದರ ಕೆಳಗಿನ ಎಲ್ಲ ಸಂಖ್ಯೆಯೂ ಒಂದೊಂದು ಜರುಗುತ್ತದೆ. ಕೊಂಡಿ ಮುರಿಯುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಫೇಸ್ ಹೋದದ್ದಕ್ಕೆ ಪರಿಹಾರ ಹುಡುಕಿದವರು ವೋಲ್ಟೇಜಿನ ಭಾಗಕ್ಕೆ ಹೋಗಿ ನಿಲ್ಲುತ್ತಾರೆ. ಪರಿಹಾರ ಸರಳ. ಗುಣಲಕ್ಷಣ ಪಟ್ಟಿಯ ವಿಸ್ತರಣೆಯನ್ನು (attr_list) ಎಂಕೆಡಾಕ್ಸ್‌ನ ಸಂರಚನಾ ಕಡತದಲ್ಲಿ ಚಾಲೂ ಮಾಡಿ, ಪ್ರತಿ ತಲೆಬರಹದ ಕೊನೆಗೆ ಪುಷ್ಪಾವರಣದೊಳಗೆ ಹ್ಯಾಶ್ ಚಿಹ್ನೆಯ ಜೊತೆ ನಿಮ್ಮದೇ ಗುರುತು ಕೊಡಿ. ದೋಷದ ಸಂಖ್ಯೆಯನ್ನೇ ಗುರುತಾಗಿಸಿದರೆ ಇನ್ನೂ ಒಳ್ಳೆಯದು. ಒಮ್ಮೆ ಕೊಟ್ಟ ಗುರುತನ್ನು ಬದಲಿಸಬೇಡಿ.

ಪ್ರತಿ ತಿದ್ದುಪಡಿಗೂ ಸರ್ವರ್‌ನಲ್ಲಿ ಕೈಪಿಡಿ ತಾನಾಗಿ ಕಟ್ಟಿಕೊಳ್ಳಲಿ, ಸ್ಟ್ರಿಕ್ಟ್ ಆಯ್ಕೆಯೊಂದಿಗೆ. ಆಗ ಇಲ್ಲದ ಪುಟಕ್ಕೆ ಕೊಟ್ಟ ಕೊಂಡಿಯಂಥ ಎಚ್ಚರಿಕೆಯೂ ದೋಷವಾಗಿ ಕಟ್ಟುವಿಕೆ ನಿಲ್ಲುತ್ತದೆ. ಸಲಕರಣೆಗಳ ಆವೃತ್ತಿ ಸಂಖ್ಯೆಗಳನ್ನು ಒಂದು ಕಡತದಲ್ಲಿ ನಮೂದಿಸಿಡಿ. ಇಲ್ಲವಾದರೆ ಪಠ್ಯದಲ್ಲಿ ಒಂದಕ್ಷರ ಬದಲಾಗದಿದ್ದರೂ ಎಂದೋ ಒಂದು ದಿನ ಕಟ್ಟುವಿಕೆ ಕೆಡುತ್ತದೆ.

ಅಚ್ಚಿಗೆ ಪಿಡಿಎಫ್ ಬೇಕಾದರೆ, ಒಂದು ರೂಪದ ಕಡತವನ್ನು ಇನ್ನೊಂದಕ್ಕೆ ಬದಲಿಸುವ ಪ್ಯಾನ್‌ಡಾಕ್ ಇದೆ. ಪುಟ ಜೋಡಿಸಲು ಅದು ತಾನಾಗಿ ಹಿಡಿಯುವ ಪಿಡಿಎಫ್‌ಲೇಟೆಕ್ ಎಂಬ ಎಂಜಿನ್‌ಗೆ ಕನ್ನಡ ಬಾರದು. ಎಂಜಿನ್ ಆಗಿ ಜೀಲೇಟೆಕ್ ಆರಿಸಿ, ನೋಟೋ ಸೆರಿಫ್ ಕನ್ನಡದಂಥ ಫಾಂಟನ್ನು ಮುಖ್ಯ ಫಾಂಟಾಗಿ ಕೊಡಿ. ಕೋಡ್ ಭಾಗದ ಸಮಅಗಲದ ಫಾಂಟಿನಲ್ಲಿ ಸಾಮಾನ್ಯವಾಗಿ ಕನ್ನಡವಿರುವುದಿಲ್ಲ, ಅಲ್ಲಿ ಬರೆದ ಕನ್ನಡ ಟಿಪ್ಪಣಿ ಸದ್ದಿಲ್ಲದೆ ಮಾಯವಾಗುತ್ತದೆ. ಅಕ್ಷರ ಸಿಗಲಿಲ್ಲ ಎಂಬ ಸಾಲುಗಳು ಲಾಗ್‌ನಲ್ಲಿವೆಯೇ ಎಂದು ನೋಡಿಯೇ ಅಚ್ಚಿಗೆ ಕೊಡಿ.

ವೆಬ್ ಪ್ರತಿಯನ್ನು ಇಡಲು ಗಿಟ್‌ಹಬ್ ಪೇಜಸ್ ಅಥವಾ ರೀಡ್ ದ ಡಾಕ್ಸ್ ಎಂಬ ಜಾಲತಾಣ ಸೇವೆ ಸಾಕು. ಸಿಗ್ನಲ್ ಸಿಗದ ಹೊಲಗಳಿಗಾಗಿ ಲ್ಯಾಪ್‌ಟಾಪಿನಲ್ಲಿ ನೇರ ತೆರೆಯುವ ಜಿಪ್ ಪ್ರತಿಯೂ ಬೇಕು. ವೆಬ್‌ಗೆ ಕಟ್ಟಿದ್ದನ್ನೇ ಜಿಪ್ ಮಾಡಿದರೆ ಕೊಂಡಿ ಒತ್ತಿದಾಗ ಪುಟದ ಬದಲು ಫೋಲ್ಡರಿನ ಪಟ್ಟಿ ತೆರೆದುಕೊಳ್ಳುತ್ತದೆ, ಹುಡುಕಾಟವೂ ನಡೆಯುವುದಿಲ್ಲ. ಮೆಟೀರಿಯಲ್‌ನ ಆಫ್‌ಲೈನ್ ಪ್ಲಗಿನ್ ಎರಡನ್ನೂ ಸರಿಪಡಿಸುತ್ತದೆ; ಜಿಪ್ ಪ್ರತಿಯನ್ನು ಅದರೊಂದಿಗೆ ಬೇರೆಯಾಗಿಯೇ ಕಟ್ಟಿ.

ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸುವ ಕ್ಯೂಆರ್ ಸ್ಟಿಕ್ಕರ್ 'ಇತ್ತೀಚಿನ' ಕೈಪಿಡಿಯನ್ನಲ್ಲ, ಆ ಬೋರ್ಡಿಗೆ ಹಾಕಿದ ಫರ್ಮ್‌ವೇರ್ ಆವೃತ್ತಿಯ ಕೈಪಿಡಿಯನ್ನೇ ತೆರೆಯಬೇಕು. ಅದಕ್ಕಾಗಿ ಪ್ರತಿ ಬಿಡುಗಡೆಗೂ ಗಿಟ್‌ನಲ್ಲಿ ಟ್ಯಾಗ್ (ಆ ಕ್ಷಣದ ಪ್ರತಿಗೆ ಹಚ್ಚುವ ಹೆಸರಿನ ಗುರುತು) ಹಾಕಿ, ಆ ಟ್ಯಾಗಿನಿಂದ ಕಟ್ಟಿದ ಪ್ರತಿಯನ್ನು ಅದರದೇ ವಿಳಾಸದಲ್ಲಿಡಿ. ಬೋರ್ಡ್ ಹೊಲದಲ್ಲಿರುವಷ್ಟು ಕಾಲ ಆ ಪ್ರತಿಯನ್ನು ಅಳಿಸುವಂತಿಲ್ಲ. ಫರ್ಮ್‌ವೇರ್ ಮೇಲ್ದರ್ಜೆಗೇರಿಸಿದ ದಿನ ಸ್ಟಿಕ್ಕರನ್ನೂ ಬದಲಿಸಿ.